ಖಂಡೆಪೂಜೆಯ ಮರುದಿನ

ಡೈರಿಯ ಆ ದಿನದ ಪುಟದಲ್ಲಿ ಮೂರೇ ಸಾಲುಗಳಿವೆ. ‘ಸರ್ವರ್ ಕೋಣೆ ಒರೆಸಿದೆ. ಸಣ್ಣಾಕಿಯನ್ನು ಚಾಲೂ ಮಾಡಿದೆ. ಸಂಜೆ ಮನೆಮನೆಗೆ ಬನ್ನಿ ಕೊಟ್ಟು ಬಂದೆ.’ ಅಕ್ಷರ ನನ್ನದೇ, ಅವಸರದ್ದು. ಈ ನಾಲ್ಕು ವರ್ಷಗಳಲ್ಲಿ ಆ ಪುಟವನ್ನು ಎಷ್ಟು ಸಲ ತೆರೆದಿದ್ದೇನೋ, ಈಗ ಪುಸ್ತಕ ಕೈಗೆತ್ತಿಕೊಂಡರೆ ತಾನಾಗಿಯೇ ಅಲ್ಲಿಗೆ ಬಿಚ್ಚಿಕೊಳ್ಳುತ್ತದೆ. ನಾನು ಹುಡುಕುವ ಸಾಲು ಮಾತ್ರ ಅದರಲ್ಲಿಲ್ಲ. ಆ ಬೆಳಿಗ್ಗೆ ನನ್ನ ಹಿರಿಯ ಸಹೋದ್ಯೋಗಿ ಬಾಗಿಲಲ್ಲಿ ನಿಂತು ನನಗೊಂದು ಮಾತು ಹೇಳಿದರೋ ಇಲ್ಲವೋ, ಅದು.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಿಭಾಗವೆಂದರೆ ಆಗ ನಾವಿಬ್ಬರೇ. ಅವರು ಮತ್ತು ನಾನು. ಅವರನ್ನು ನಾನು ಕರೆಯುತ್ತಿದ್ದುದು ‘ಸರ್’ ಎಂದು. ಇಲ್ಲಿಯೂ ಹಾಗೇ ಇರಲಿ. ಸರ್ ಧಾರವಾಡದವರು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತಂದೆ ಶಾಲೆಯೊಂದರಲ್ಲಿ ಸಂಗೀತ ಕಲಿಸಿದವರು. ಮನೆಯಲ್ಲಿ ಅವರ ಕಾಲದ ಒಂದು ಜೊತೆ ತಂಬೂರಿಗಳಿದ್ದವು. ನಾನು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಒಕ್ಕಲುತನದ ಮನೆಯವಳು. ಧಾರವಾಡದಲ್ಲಿ ಎಂ.ಎಸ್‌ಸಿ. ಮುಗಿಸಿದ ವರ್ಷವೇ ಈ ಕೆಲಸ ಸಿಕ್ಕಿತು. ಉಣಕಲ್ಲಿನಲ್ಲಿ ಮನೆ ಹಿಡಿದೆ, ಹದಿನಾಲ್ಕು ವರ್ಷವಾಯಿತು, ಅಲ್ಲೇ ಇದ್ದೇನೆ.

ಆಸ್ಪತ್ರೆಯ ಎಲ್ಲ ದಾಖಲೆಗಳೂ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿದ್ದವು. ಯಾರ ಹೆಸರು, ಯಾವ ರಕ್ತಪರೀಕ್ಷೆ, ಯಾವ ಔಷಧಿ, ಎಲ್ಲ. ಆ ಪೆಟ್ಟಿಗೆಗೆ ಎರಡು ಸರ್ವರ್‌ಗಳನ್ನು ಜೋಡಿಸಿದ್ದೆವು. ಕೆಲಸ ಮಾಡುವುದು ಒಂದೇ. ಇನ್ನೊಂದು ಅದರ ಎದೆಬಡಿತ ಕೇಳುತ್ತ ಪಕ್ಕದಲ್ಲಿ ಕಾಯುತ್ತಿರುತ್ತದೆ. ಬಡಿತ ನಿಂತರೆ ಪೆಟ್ಟಿಗೆಯನ್ನು ತನ್ನ ವಶಕ್ಕೆ ತೆಗೆದುಕೊಂಡು ಒಂದೆರಡು ನಿಮಿಷದಲ್ಲಿ ಕೆಲಸ ಮುಂದುವರಿಸಬೇಕು. ಇದಕ್ಕೆ ಫೇಲ್‌ಓವರ್ ಅನ್ನುತ್ತಾರೆ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಕೆಲಸಕ್ಕೆ ಸೇರಿದ ಮೊದಲ ವಾರ, ಸರ್ ಹೇಳಿದಾಗ.

“ನಿಮ್ಮ ಊರಾಗ ಹಗೇವು ಇದ್ದವೇನವಾ?” ಎಂದು ಕೇಳಿದರು. ನೆಲದಲ್ಲಿ ತೋಡಿ ಜೋಳ ತುಂಬಿಡುವ ಹಗೇವು ನಮ್ಮ ಅಜ್ಜನ ಕಾಲದಲ್ಲಿ ಇತ್ತು ಎಂದೆ.

“ಹಂಗಂದ್ರ ನಿನಗ ತಿಳೀತದ. ಹಗೇವು ಒಂದ, ಇಳಿಯೋರು ಇಬ್ರು. ಒಬ್ಬಾಕಿ ಮ್ಯಾಲೆ ಬಂದಾಳ ಅಂತ ಖಾತ್ರಿ ಆಗೋತನಕಾ ಇನ್ನೊಬ್ಬಾಕಿ ಇಳೀಬಾರದು. ಇಬ್ರೂ ಕೂಡೇ ಇಳದ್ರ ಏನಾಗ್ತದ?”

“ಜೋಳಾ ಚೆಲ್ಲತೈತ್ರಿ.”

“ಚೆಲ್ಲಿದ್ರ ಬಳಕೋಬಹುದು. ಒಬ್ಬಾಕಿ ತುಂಬಿದ ಜಾಗಾದಾಗ ಇನ್ನೊಬ್ಬಾಕಿ ಮತ್ತ ತುಂಬತಾಳ. ಆಮ್ಯಾಲೆ ಯಾರ ಜೋಳಾ ಯಾವುದು ಅಂತ ದೇವರಿಗೂ ತಿಳಿಯೂದಿಲ್ಲ.”

ಅಂದಿನಿಂದ ಆ ಎರಡು ಯಂತ್ರಗಳು ನಮಗೆ ದೊಡ್ಡಾಕಿ, ಸಣ್ಣಾಕಿ. ದಾಖಲೆಯಲ್ಲಿ ಅವಕ್ಕೆ ಬೇರೆ ಹೆಸರುಗಳಿದ್ದವು. ಅವು ಈಗ ನನಗೆ ನೆನಪಿಲ್ಲ.

ಮಹಾನವಮಿಯ ಖಂಡೆಪೂಜೆ ನಮ್ಮ ಸರ್ವರ್ ಕೋಣೆಯಲ್ಲೂ ಆಗುತ್ತಿತ್ತು. ನನ್ನ ತವರಿನಲ್ಲಿ ಆ ದಿನ ಕೂರಿಗೆ, ಕುಡಗೋಲು, ಕೊಡಲಿ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಡುತ್ತಾರೆ. ಇಟ್ಟ ಮೇಲೆ ಮರುದಿನದವರೆಗೆ ಅವನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಸರ್ ಅವರ ಮನೆಯಲ್ಲಿ ತಂಬೂರಿಗಳನ್ನು ಚಾಪೆಯ ಮೇಲೆ ಮಲಗಿಸಿ ಶಾಲು ಹೊದಿಸುತ್ತಿದ್ದರಂತೆ. ಮರುದಿನ ತೆಗೆದು ಶ್ರುತಿ ಮಾಡುವವರೆಗೆ ಯಾರೂ ತಂತಿ ಮುಟ್ಟುವಂತಿಲ್ಲ. ಸರ್ವರ್ ಕೋಣೆಯಲ್ಲಿ ಪೆಟ್ಟಿಗೆಗಳ ಮುಂಬದಿಗೆ ಒಂದೊಂದು ಕುಂಕುಮದ ಬೊಟ್ಟು, ಮೇಲೊಂದು ಚೆಂಡುಹೂವು, ಅಷ್ಟೆ. ಊದಿನಕಡ್ಡಿ ಇಲ್ಲ. ನಾನು ಸೇರುವ ಮೊದಲು ಒಂದು ವರ್ಷ ಹಚ್ಚಿದ್ದರಂತೆ. ಹೊಗೆಯ ಗಂಟೆ ಹೊಡೆದುಕೊಂಡು, ಎರಡನೆಯ ಮಹಡಿಯ ರೋಗಿಗಳು ಸಲೈನ್ ಬಾಟಲಿ ಎತ್ತಿ ಹಿಡಿದುಕೊಂಡೇ ಅಂಗಳಕ್ಕೆ ಇಳಿದಿದ್ದರಂತೆ.

ಆದರೆ ಯಂತ್ರಕ್ಕೆ ಒಂದು ದಿನದ ಬಿಡುವು ಕೊಡುವುದು ಹೇಗೆ? ದೊಡ್ಡಾಕಿ ನಿಂತರೆ ಆಸ್ಪತ್ರೆ ನಿಲ್ಲುತ್ತದೆ. ಸರ್ ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. “ಆಕಿ ಪಾಲಿಂದೂ ಸಣ್ಣಾಕೀನ ಮಲಗಲಿ” ಎನ್ನುತ್ತಿದ್ದರು. ನವಮಿಯ ಮಧ್ಯಾಹ್ನ ಸಣ್ಣಾಕಿಯನ್ನು ಆರಿಸಿ, ಮರುದಿನ ದಶಮಿಯ ಬೆಳಿಗ್ಗೆ ಮತ್ತೆ ಎಬ್ಬಿಸುವುದು. ಅಂದರೆ ಅರ್ಧ ಹಗಲು ಒಂದು ರಾತ್ರಿ ದೊಡ್ಡಾಕಿಗೆ ಆಸರೆಯಿಲ್ಲ. ಇದು ಸರಿಯಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ನಾನು ಹೇಳಬೇಕಿತ್ತು. ಹೇಳಲಿಲ್ಲ. ನನಗೂ ಅದು ಇಷ್ಟವಾಗಿತ್ತು. ಸದಾ ಗಿರ್ರೆನ್ನುವ ಆ ಕೋಣೆಯಲ್ಲಿ ಒಂದು ಯಂತ್ರ ಹೂವು ಮುಡಿದು ಸುಮ್ಮನೆ ಕೂತಿರುವುದನ್ನು ನೋಡಿದರೆ ಹಬ್ಬವೆನ್ನಿಸುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಸರ್ವರ್‌ಗಳಿಗೆ ಹೊಸ ತಂತ್ರಾಂಶ ಬಂದಿತ್ತು. ಮೊದಲೆಲ್ಲ ಸಣ್ಣಾಕಿಯನ್ನು ಸುಮ್ಮನೆ ಆರಿಸುತ್ತಿದ್ದೆವು, ಸುಮ್ಮನೆ ಚಾಲೂ ಮಾಡುತ್ತಿದ್ದೆವು. ಹೊಸದರಲ್ಲಿ ಆರಿಸುವ ಮುನ್ನ ‘ಈ ಯಂತ್ರ ವಿಶ್ರಾಂತಿಯಲ್ಲಿದೆ, ಇದಕ್ಕೆ ಕೆಲಸ ಕೊಡಬೇಡ’ ಎಂಬ ಆದೇಶ ಕೊಡುವ ಸೌಲಭ್ಯವಿತ್ತು. ಸರ್ ಜಾಗರೂಕ ಮನುಷ್ಯ. ಆ ನವಮಿಯಂದು ಮೊದಲು ಆ ಆದೇಶ ಕೊಟ್ಟು ಆಮೇಲೆ ಆರಿಸಿದರು. ಯಂತ್ರವನ್ನು ಮತ್ತೆ ಚಾಲೂ ಮಾಡಿದರೂ ಆ ಆದೇಶ ಅಳಿಯುವುದಿಲ್ಲ, ಕೈಯಿಂದಲೇ ತೆಗೆಯಬೇಕು. ಆರಿಸುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ತವರಿನ ಪೂಜೆಗೆಂದು ಹನ್ನೊಂದಕ್ಕೇ ಸುಳ್ಳಕ್ಕೆ ಹೋಗಿದ್ದೆ. ಇಷ್ಟು ಖಚಿತ. ಇದು ಡೈರಿಯ ಹಿಂದಿನ ದಿನದ ಪುಟದಲ್ಲಿಯೂ ಇದೆ.

ಮರುದಿನ ಬೆಳಿಗ್ಗೆ ಸರ್ ಬೇಗ ಧಾರವಾಡಕ್ಕೆ ಮರಳುವವರಿದ್ದರು, ತಂಬೂರಿ ತೆಗೆಯಲು. ಸಣ್ಣಾಕಿಯನ್ನು ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ನೆನಪು ಹೀಗಿದೆ. ನಾನು ಒದ್ದೆ ಬಟ್ಟೆಯಿಂದ ಕುಂಕುಮ ಒರೆಸುತ್ತಿದ್ದೇನೆ. ಸರ್ ಬಾಗಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಹೇಳುತ್ತಾರೆ: “ಆಕೀನ್ನ ರೆಸ್ಟಿನ್ಯಾಗ ಇಟ್ಟೀನಿ ಮತ್ತ. ಚಾಲೂ ಮಾಡಿದ ಮ್ಯಾಲೆ ಆ ಆರ್ಡರ್ ತಗದಬಿಡವಾ.” ನಾನು ತಿರುಗಿ ನೋಡದೆ “ಹೂಂನ್ರಿ ಸರ” ಎನ್ನುತ್ತೇನೆ.

ಇಷ್ಟು ಸ್ಪಷ್ಟವಾಗಿರುವುದನ್ನು ಯಾಕೆ ನಂಬಲಿಲ್ಲ ಎಂದರೆ, ಈ ಚಿತ್ರದಲ್ಲಿ ಸರ್ ಕೆನೆಬಣ್ಣದ ಸ್ವೆಟರ್ ತೊಟ್ಟಿದ್ದಾರೆ. ಅವರ ಹೆಂಡತಿ ಹೆಣೆದದ್ದು. ಅದನ್ನವರು ತೊಡುತ್ತಿದ್ದುದು ಡಿಸೆಂಬರಿನಲ್ಲಿ. ದಸರೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಯಾರೂ ಸ್ವೆಟರ್ ತೊಡುವುದಿಲ್ಲ. ಇನ್ನೂ ಒಂದು: ತಿರುಗಿ ನೋಡದೆ ಉತ್ತರ ಕೊಟ್ಟವಳಿಗೆ ಅವರು ಏನು ತೊಟ್ಟಿದ್ದರೆಂದು ಕಂಡದ್ದಾದರೂ ಹೇಗೆ? ಅಂದರೆ ಈ ಚಿತ್ರವನ್ನು ನಾನು ಆಮೇಲೆ ಕಟ್ಟಿಕೊಂಡಿದ್ದೇನೆ. ಎಷ್ಟು ಕಟ್ಟಿದ್ದು, ಎಷ್ಟು ನಡೆದದ್ದು ಎಂದು ಬೇರ್ಪಡಿಸಲು ಬಹಳ ದಿನ ನನ್ನಿಂದ ಆಗಲಿಲ್ಲ.

ನಡೆದದ್ದು ಇಷ್ಟು. ನಾನು ಗುಂಡಿ ಒತ್ತಿದೆ, ಸಣ್ಣಾಕಿಯ ಹಸಿರು ದೀಪ ಹತ್ತಿತು. ಚೆಂಡುಹೂವನ್ನು ಕಿಟಕಿಯಲ್ಲಿಟ್ಟು ಮನೆಗೆ ಹೋದೆ.

ಮೂರು ವಾರದ ನಂತರ, ದೀಪಾವಳಿಗೆ ಮುಂಚಿನ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಗದ್ದಲದಲ್ಲಿ ದೊಡ್ಡಾಕಿ ಸತ್ತಳು. ಒಳಗಿನ ಮದರ್‌ಬೋರ್ಡ್ ಸುಟ್ಟಿತ್ತು. ಚೀಟಿ ಮಾಡಿಸುವ ಕಿಟಕಿ, ಪ್ರಯೋಗಾಲಯ, ಔಷಧಿ ಅಂಗಡಿ, ಎಲ್ಲ ಕಡೆ ಪರದೆಗಳು ಹೆಪ್ಪುಗಟ್ಟಿದವು. ಮ್ಯಾನೇಜರ್ ಫೋನ್ ಮಾಡಿದರು. ಸರ್ ಶಾಂತವಾಗಿಯೇ ಇದ್ದರು.

“ಎರಡ ನಿಮಿಷ ತಡೀರಿ ಸಾಹೇಬ್ರ. ಸಣ್ಣಾಕಿ ಎತಗೋತಾಳ.”

“ಯಾವ ಸಣ್ಣಾಕೀರಿ ಆಕಿ? ಇಲ್ಲಿ ಮಂದಿ ಕೌಂಟರ್ ಮ್ಯಾಲೆ ಏರಾಕತ್ತಾರ!” ಎಂಬ ಕೂಗು ನನಗೂ ಕೇಳಿಸಿತು.

ಎರಡು ನಿಮಿಷ ಹೋಗಿ ಹತ್ತಾಯಿತು. ಸಣ್ಣಾಕಿಯ ಹಸಿರು ದೀಪ ಹಾಗೇ ಉರಿಯುತ್ತಿತ್ತು. ಅವಳು ಏನನ್ನೂ ಎತ್ತಿಕೊಳ್ಳಲಿಲ್ಲ.

ಸರ್ ಅವರಿಗೆ ಮೊದಲು ಬಂದ ಅನುಮಾನ ಡಿಸ್ಕ್ ಪೆಟ್ಟಿಗೆಯ ಮೇಲೆ. ದೊಡ್ಡಾಕಿ ಸತ್ತರೂ ಪೆಟ್ಟಿಗೆಯ ಮೇಲಿನ ಹಿಡಿತ ಬಿಟ್ಟಿಲ್ಲವೇನೋ, ಅದಕ್ಕೇ ಸಣ್ಣಾಕಿ ಒಳಗಿಳಿಯುತ್ತಿಲ್ಲವೇನೋ ಎಂದು. ಹಿಂದೊಮ್ಮೆ ಹಾಗೆ ಆಗಿತ್ತು. ಹಿಡಿತವನ್ನು ಬಲವಂತವಾಗಿ ಬಿಡಿಸಬಹುದು, ಆದರೆ ದೊಡ್ಡಾಕಿಯಲ್ಲಿ ಅರೆಜೀವ ಉಳಿದಿದ್ದರೆ ಇಬ್ಬರೂ ಹಗೇವಿಗೆ ಇಳಿದಂತೆ. ರೋಗಿಗಳ ದಾಖಲೆಯೆಲ್ಲ ಕಲಸಿಹೋಗುತ್ತದೆ. ಸರ್ ನೆಲದ ಮೇಲೆ ಮಂಡಿಯೂರಿ ದೊಡ್ಡಾಕಿಯ ಎರಡೂ ವಿದ್ಯುತ್ ತಂತಿಗಳನ್ನು ಕಿತ್ತರು. ಕಿತ್ತ ತುದಿಗಳನ್ನು ನನಗೆ ಎತ್ತಿ ತೋರಿಸಿದರು.

“ಈಗ ಆಕಿ ಖರೇನ ಹೋದ್ಳು. ಹೌದಲ್ಲ? ನೀನೂ ನೋಡಿದೀ?”

“ನೋಡಿದೆ ಸರ.”

ಆಮೇಲೆ ಹಿಡಿತ ಬಿಡಿಸಿದೆವು. ಏನೂ ಆಗಲಿಲ್ಲ. ಪೆಟ್ಟಿಗೆಗೆ ಹೋಗುವ ಕೇಬಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ ಮತ್ತೆ ಕೂಡಿಸಿದೆವು. ಸಣ್ಣಾಕಿಗೆ ಡಿಸ್ಕ್ ಕಾಣುತ್ತಿತ್ತು. ನೆಟ್‌ವರ್ಕ್ ಸರಿಯಿತ್ತು. ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಶುರುವಾಗದಿರುವುದು ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಕೈ ಹಾಕಲು ಎಲ್ಲೂ ಬಿರುಕು ಸಿಗುವುದಿಲ್ಲ. ಸರ್ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು, ಆ ತಣ್ಣನೆಯ ಕೋಣೆಯಲ್ಲಿ.

ಆ ದಿನ ಯಾರೂ ಸಾಯಲಿಲ್ಲ, ಇದನ್ನು ಹೇಳಿಬಿಡಬೇಕು. ಆದರೆ ಮುಂಜಾನೆ ತೆಗೆದ ರಕ್ತದ ಶೀಸೆಗಳು ಯಾರವೆಂದು ತಿಳಿಯದೆ ಬಹಳ ಜನರಿಗೆ ಮತ್ತೆ ಚುಚ್ಚಬೇಕಾಯಿತು. ಒಮ್ಮೆ ನಾನು ಹೊರಗೆ ಹೋದಾಗ ಶಿರಗುಪ್ಪಿಯಿಂದ ಮೊದಲ ಬಸ್ಸಿಗೆ ಉಪವಾಸ ಬಂದಿದ್ದ ಮುದುಕರೊಬ್ಬರು ಅಂಗಿಯ ತೋಳು ಮಡಚಿಕೊಂಡು ನರ್ಸಿಗೆ ಹೇಳುತ್ತಿದ್ದರು: “ಒಮ್ಮಿ ಹೀರಿದ್ದು ಸಾಕಾಗಲಿಲ್ಲೇನವಾ? ನನ್ನ ಮೈಯಾಗಿಂದು ರಕ್ತ ಐತಿ, ಬೋರಿನ ನೀರಲ್ಲ.” ಸುತ್ತಲಿನವರು ನಕ್ಕರು. ಮುದುಕರು ಬೆಂಚು ಹಿಡಿದು ಕೂತು ಮತ್ತೆ ತೋಳು ಚಾಚಿದರು.

ಎರಡು ತಾಸಿನ ಮೇಲೆ ತಂತ್ರಾಂಶದ ಕಂಪನಿಯವನೊಬ್ಬ ಫೋನಿಗೆ ಸಿಕ್ಕ. ಬೆಂಗಳೂರಿನ ಕಡೆಯ ದನಿ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಸರ್ ಅವನಿಗೆ ಡಿಸ್ಕಿನ ಕಥೆ ಹೇಳತೊಡಗಿದರು. ಅವನು ತಡೆದ.

“ಸಾರ್, ಒಂದ್ನಿಮಿಷ. ಮೇಡಂ, ಸ್ಟೇಟಸ್ ಪರದೇನ ಮೇಲಿಂದ ಓದ್ತಾ ಬನ್ನಿ. ಒಂದು ಪದಾನೂ ಬಿಡ್ಬೇಡಿ.”

ಆ ಪರದೆಯನ್ನು ನಾವು ಬೆಳಗಿನಿಂದ ಇಪ್ಪತ್ತು ಸಲವಾದರೂ ನೋಡಿದ್ದೆವು. ಆದರೆ ನೋಡಿದ್ದು ಕೆಳಗಿನ ಕೆಂಪು ಸಾಲುಗಳನ್ನು, ಡಿಸ್ಕಿನವನ್ನು. ಈಗ ಮೇಲಿಂದ ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ಸಾಲಿನಲ್ಲಿ ಸಣ್ಣಾಕಿಯ ಹೆಸರಿನ ಮುಂದೆ, ಕೆಂಪೂ ಅಲ್ಲದ ಸಾದಾ ಬಣ್ಣದಲ್ಲಿ, ವಿಶ್ರಾಂತಿಯ ಆ ಪದವಿತ್ತು. ಅದನ್ನು ಓದುತ್ತಿರುವಾಗಲೇ ನನ್ನ ದನಿ ನನಗೇ ಕೇಳಿ, ನಿಂತೆ.

“ಅಲ್ಲೇ ಇದೆಯಲ್ಲ ಮೇಡಂ” ಎಂದ ಅವನು. “ಯಾರೋ ರೆಸ್ಟ್‌ಗೆ ಹಾಕಿ ತೆಗೆದೇ ಇಲ್ಲ. ಯಾಕೆ ಹಾಕಿದ್ರಿ?”

ನಾನು “ಮೇಂಟೆನೆನ್ಸ್” ಎಂದೆ. ಇನ್ನೇನು ಹೇಳುವುದು? ಹಬ್ಬ ಎಂದು ಹೇಳಲೇ? ಸರ್ ಕಪಾಟಿನ ಅಂಚು ಹಿಡಿದು ನಿಂತಿದ್ದರು. ನಾನು ಒಂದು ಸಾಲು ಟೈಪ್ ಮಾಡಿದೆ. ಒಂದು ನಿಮಿಷವೂ ಆಗಲಿಲ್ಲ, ಸಣ್ಣಾಕಿ ಎಲ್ಲವನ್ನೂ ಎತ್ತಿಕೊಂಡಳು. ಹೊರಗೆ ಕಿಟಕಿಗಳ ಮುಂದೆ ಹೋ ಎಂದು ಜನ ಕೂಗಿದ್ದು ಒಳಗಿನವರೆಗೆ ಕೇಳಿಸಿತು.

ಮಧ್ಯಾಹ್ನ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಕಾರಣ ಕೇಳಿ ಮೊದಲು ನಕ್ಕರು. “ಕಂಪ್ಯೂಟರಿಗೆ ಹಬ್ಬದ ಸೂಟಿ ಕೊಟ್ಟಿದ್ರ್ಯಾ? ನನಗ ಭಾನುವಾರ ಸುದ್ದಾ ಇಲ್ಲ, ಆಕಿಗೆ ಮೂರು ವಾರ!” ಆಮೇಲೆ ನಗು ನಿಲ್ಲಿಸಿ ಕಾಗದ ತೆಗೆದರು.

“ರೆಸ್ಟಿಗೆ ಇಟ್ಟವರು ಯಾರು?”

“ನಾನ್ರಿ” ಎಂದರು ಸರ್.

“ತಗೀಬೇಕಾಗಿದ್ದವರು?”

ಆ ಹೊತ್ತಿನಲ್ಲಿ ಸರ್ ನನ್ನ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಮೇಜಿನ ಮೇಲಿನ ಗಾಜಿನ ಅಡಿಯಲ್ಲಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದೆ. ಬಾಗಿಲು, ಚಪ್ಪಲಿ, ‘ಹೂಂನ್ರಿ ಸರ’ ಎಂಬುದೆಲ್ಲ ಆಗ ನನ್ನ ತಲೆಯಲ್ಲಿ ಇತ್ತೇ? ಇತ್ತು ಎಂದು ಈಗ ಅನ್ನಿಸುತ್ತದೆ. ಸ್ವೆಟರ್ ಇರಲಿಲ್ಲವೇನೋ. ಮಾತು ಇತ್ತು.

“ನಾನ” ಎಂದರು ಸರ್. “ಮರತೆ.”

ವರದಿ ಹಾಗೇ ಬರೆಯಲ್ಪಟ್ಟಿತು. ತಪ್ಪು ಹಿರಿಯ ಅಧಿಕಾರಿಯದು. ಕೆಳಗೆ ಅವರ ಸಹಿ, ಅದರ ಕೆಳಗೆ ಹಾಜರಿದ್ದವಳೆಂದು ನನ್ನ ಸಹಿ.

ಸರ್ ಅವರನ್ನು ನೆಲಮಾಳಿಗೆಯ ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಕಂಪ್ಯೂಟರ್ ಬರುವ ಮೊದಲಿನ ರೋಗಿಗಳ ಕಡತಗಳು, ಆಡಳಿತದ ಪತ್ರಗಳು ಅಲ್ಲಿದ್ದವು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಮರುದಿನ ಬೆಳಿಗ್ಗೆ ನಾನು ಅವರ ಕುರ್ಚಿಯಲ್ಲಿ ಕೂತೆ. ಕುರ್ಚಿಯ ಬೆನ್ನಿಗೆ ಅವರ ಟವೆಲ್ ಇನ್ನೂ ಇತ್ತು. ಸರ್ವರ್ ಕೋಣೆಯಲ್ಲಿ ಪೂಜೆ ಮಾಡಬಾರದೆಂದು ಸುತ್ತೋಲೆ ಬಂತು. ಅದನ್ನು ಬಾಗಿಲಿಗೆ ಅಂಟಿಸಿದವಳೂ ನಾನೇ.

ನಾಲ್ಕು ಗಂಟೆಯ ಚಹಾಕ್ಕೆ ಸರ್ ಮೇಲೆ ಬರುತ್ತಿದ್ದರು, ಮೂಗಿನ ಮೇಲೆ ಧೂಳು ಕೂತಿರುತ್ತಿತ್ತು. “ಕೆಳಗ ಛಲೋ ಅದವಾ. ಅಲ್ಲಿ ಯಾರೂ ಕೆಡೂದಿಲ್ಲ, ಎಲ್ಲಾರೂ ಮೊದಲ ಸತ್ತಾರ” ಎಂದು ನಗಿಸುತ್ತಿದ್ದರು. ಸಣ್ಣಾಕಿ ಹೇಗಿದ್ದಾಳೆಂದು ಕೇಳುತ್ತಿದ್ದರು. ಆ ಬೆಳಗಿನ ಸುದ್ದಿ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದಿನ ಎರಡು ದಸರೆಗೂ ಬನ್ನಿ ತೆಗೆದುಕೊಂಡು ಧಾರವಾಡದ ಅವರ ಮನೆಗೆ ಹೋದೆ. ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲಿಗೆರಗಿ, ವರ್ಷದ ತಪ್ಪುಗಳನ್ನೆಲ್ಲ ಅಲ್ಲಿಗೆ ಬಿಟ್ಟುಬಿಡುವ ದಿನ ಅದು. ಎರಡು ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಎರಡು ಸಲವೂ “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಸರ” ಎಂದಷ್ಟೇ ಹೇಳಿ, ಅವರ ಹೆಂಡತಿ ಕೊಟ್ಟ ಉಂಡಿ ತಿಂದು ಬಂದೆ. ಅವರ ಹೆಂಡತಿಯನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ.

ಮೂರನೆಯ ವರ್ಷ ಶ್ರಾವಣದಲ್ಲಿ ಸರ್ ಅವರಿಗೆ ಯಕೃತ್ತಿನ ಕ್ಯಾನ್ಸರ್ ಎಂದು ತಿಳಿಯಿತು. ಕೊನೆಯ ಹಂತದಲ್ಲಿತ್ತು, ಮನೆಯಲ್ಲೇ ಇಟ್ಟುಕೊಂಡಿದ್ದರು. ನೋಡಲು ಹೋದೆ. ಈ ಸಲ ಕೇಳಿಯೇ ಬಿಡುತ್ತೇನೆ, ‘ಸರ, ಅವತ್ತ ನೀವು ನನಗ ಹೇಳಿದ್ರಿ, ಮಾಡದ ಬಿಟ್ಟಾಕಿ ನಾನು’ ಎಂದು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಹೋಗಿದ್ದೆ. ಅವರು ಕಿಟಕಿಯ ಬಳಿ ಮಂಚದ ಮೇಲೆ ಒರಗಿದ್ದರು, ಕಣ್ಣು ಹಳದಿಯಾಗಿತ್ತು. ಕಾಕು ಒಳಗೆ ಚಹಾಕ್ಕಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ತೆರೆದರು.

“ಒಂದು ಕೇಳತೀನಿ. ಖರೇ ಹೇಳಬೇಕು.”

“ಕೇಳ್ರಿ ಸರ.”

“ಆ ದಸರಾದ ಮುಂಜಾನೆ, ಆ ಆರ್ಡರ್ ತಗೀ ಅಂತ ನಾ ನಿನಗ ಹೇಳಿದ್ನೇನು?”

ಇದಕ್ಕಿಂತ ಸುಲಭವಾದ ದಾರಿ ನನಗೆ ಯಾರೂ ತೆರೆದುಕೊಡಲಾರರು. ಹೌದು ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಕ್ಷಣಕ್ಕೆ ನನಗೆ ಸ್ವೆಟರ್ ನೆನಪಾಯಿತು. ಖಾತ್ರಿಯಿಲ್ಲದ ಮಾತನ್ನು ಸಾಯುವವರ ಮುಂದೆ ಹೇಗೆ ಹೇಳುವುದು ಎಂದು ವಿಚಾರ ಬಂತು. ಹಾಗೆಂದು ಆಮೇಲೆ ಡೈರಿಯಲ್ಲಿ ಬರೆದಿದ್ದೇನೆ. ಅದು ವಿಚಾರವೋ ಹೆದರಿಕೆಯೋ, ಬರೆದವಳಿಗೂ ಗೊತ್ತಿಲ್ಲ. ಬಾಯಿಂದ ಬಂದದ್ದು ಇಷ್ಟು:

“ಇಲ್ರಿ ಸರ. ಹೇಳಿರಲಿಲ್ರಿ.”

ಅವರು ನಿಧಾನವಾಗಿ ತಲೆಯಾಡಿಸಿದರು.

“ಹೌದಲ್ಲ. ಹೊರಗ ಚಪ್ಪಲಿ ಮೆಟ್ಟಿಕೋತ ಹೇಳೀನಿ ಅಂತ ನನಗ ಅನಸ್ತಿತ್ತು. ನೀ ಹೂಂನ್ರಿ ಅಂದಂಗ. ಇಷ್ಟು ವರ್ಷ ಅದನ್ನ ತಿರುವಿ ಹಾಕಿ ನೋಡಿದ್ದ ಆತು. ಮನಸು ತನಗ ಬೇಕಾದಂಗ ಕಟ್ಟಿಕೋತದ ನೋಡವಾ.”

ಚಪ್ಪಲಿಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಎರಡು ಬೇರೆ ತಲೆಗಳಲ್ಲಿ ಒಂದೇ ಬಾಗಿಲು, ಒಂದೇ ಚಪ್ಪಲಿ, ಒಂದೇ ‘ಹೂಂನ್ರಿ’ ಇದ್ದರೆ ಅದು ನಡೆದದ್ದೇ. ಅಷ್ಟು ವರ್ಷ ನಾನು ಹುಡುಕುತ್ತಿದ್ದ ಸಾಲನ್ನು ಅವರು ನನ್ನ ಕೈಗಿಟ್ಟಿದ್ದರು. ಆಗಲಾದರೂ ಹೇಳಬಹುದಿತ್ತು. ಕಾಕು ಚಹಾ ತಂದರು. ಸರ್ “ಆಕಿಗೆ ಸಕ್ರಿ ಕಡಿಮಿ ಹಾಕೀಯಲ್ಲ?” ಎಂದು ಕೇಳಿದರು. ನಾನು ಚಹಾ ಕುಡಿದೆ.

ದಸರೆಗೆ ಮುಂಚಿನ ಪಕ್ಷಮಾಸದಲ್ಲಿ ಸರ್ ಹೋದರು. ಆ ವರ್ಷದ ದಶಮಿಗೂ ರೂಢಿಯಂತೆ ಬನ್ನಿಯನ್ನು ಚೀಲದಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದ್ದೆ. ಬಾಗಿಲು ತೆರೆದ ಕಾಕು ನನ್ನ ಕೈಯತ್ತ ನೋಡಿದಾಗಲೇ ಎಚ್ಚರವಾದದ್ದು. “ನಮಗ ಈ ವರ್ಷ ಹಬ್ಬ ಇಲ್ಲವಾ” ಎಂದರು. 

ತಂಬೂರಿಗಳು ಮೂಲೆಯಲ್ಲಿ ಗೋಡೆಗೆ ಆನಿಸಿ ನಿಂತಿದ್ದವು. ಯಾರೂ ಮಲಗಿಸಿರಲಿಲ್ಲ. ಬನ್ನಿ ಕೊಡುವಂತಿರಲಿಲ್ಲ, ಕೈ ಖಾಲಿ ಉಳಿಯಿತು. ಅದಕ್ಕೇ ಇರಬೇಕು, ಎಲ್ಲ ಹೇಳಿದೆ. ಬಾಗಿಲು, ಚಪ್ಪಲಿ, ಕ್ಯಾಲೆಂಡರು, ಆ ಚಹಾ. ಹೇಳುತ್ತ ಅತ್ತೆ.

ಕಾಕು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

“ಅವತ್ತ ನೀ ಚಹಾ ಕುಡದು ಹೋದ ಮ್ಯಾಲೆ ಏನಂದ್ರು ಗೊತ್ತದ ಏನು? ‘ಛಲೋ ಆತು, ಆ ಹುಡುಗಿದೇನೂ ತಪ್ಪಿಲ್ಲ’ ಅಂದ್ರು. ‘ನಾನ ಹೇಳಿಲ್ಲ’ ಅಂದ್ರು. ಹಂಗ ಅನಕೋತ ಹೋದ್ರವಾ ಅವರು.”

ಕಾಕು ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

“ಅವರು ಮರತ್ರು ಅಂತ ಬರದ ಕಾಗದಾ ಇನ್ನೂ ಅದ ಏನು ಆಸ್ಪತ್ರ್ಯಾಗ?”

“ಐತ್ರಿ ಕಾಕು.”

“ಹಂಗಾರ ನನ್ನ ಮುಂದ ಅತ್ತು ಏನು ಮಾಡ್ತಿ? ಅದಕ್ಕ ನಿಂದೊಂದು ಕಾಗದಾ ಹಚ್ಚು. ಅವರಿಗಂತೂ ಮುಟ್ಟೂದಿಲ್ಲ. ಕಾಗದಕ್ಕರ ಮುಟ್ಟಲಿ.” ಬಾಗಿಲವರೆಗೆ ಬಂದರು, ಬಾ ಹೋಗು ಎಂದೇನೂ ಹೇಳಲಿಲ್ಲ.

ಬರೆಯಲು ನನಗೆ ಎಂಟು ದಿನ ಹಿಡಿಯಿತು. ಮೊದಲ ಕರಡಿನಲ್ಲಿ ‘ಹೇಳಿದ್ದರೆಂದು ನನ್ನ ನೆನಪು’ ಎಂದಿತ್ತು. ಮ್ಯಾನೇಜರ್ ಅದನ್ನು ಓದಿ ಕನ್ನಡಕ ತೆಗೆದರು.

“ಈಗ್ಯಾಕ್ರಿ ಇದು? ಅವರು ತೀರಿಕೊಂಡ್ರು, ಆ ಮಷೀನೂ ಗುಜರಿಗೆ ಹೋತು. ನಿಮ್ಮ ಪ್ರಮೋಶನ್ ಫೈಲ್ ಮ್ಯಾಲೆ ಹೊಂಟೈತಿ, ನಡುವ ಇದೊಂದು.”

“ಇರ್ಲಿ ಬಿಡ್ರಿ ಸಾಹೇಬ್ರ.”

“ಇರ್ಲಿ ಅಂದ್ರ ಸರಿ ಬರೀರಿ. ನೆನಪು-ಗಿನಪು ನಡಿಯಂಗಿಲ್ಲ. ಹೇಳಿದ್ರೋ, ಇಲ್ಲೋ?”

“ಹೇಳಿದ್ರು.”

‘ನೆನಪು’ ಎಂಬ ಆ ಒಂದು ಪದ ಹೊಡೆದು ಮತ್ತೆ ಬರೆದೆ. ‘ವಿಶ್ರಾಂತಿಯ ಆದೇಶ ತೆಗೆಯಲು ಅವರು ನನಗೆ ಹೇಳಿದ್ದರು. ನಾನು ಒಪ್ಪಿಕೊಂಡಿದ್ದೆ. ನಾನು ತೆಗೆಯಲಿಲ್ಲ.’ ಮ್ಯಾನೇಜರ್ ಮೊಹರು ಹಾಕಿ, ಹಳೆಯ ಕಡತಕ್ಕೆ ನೀವೇ ಸೇರಿಸಿಬಿಡಿ ಎಂದರು. ಪ್ರಮೋಶನ್ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ಕೇಳಲು ಹೋಗಿಲ್ಲ.

ನೆಲಮಾಳಿಗೆಗೆ ಅದುವರೆಗೆ ನಾನು ಇಳಿದಿರಲಿಲ್ಲ. ಸರ್ ಅಲ್ಲಿ ಕೂತಿದ್ದ ಒಂದೂವರೆ ವರ್ಷದಲ್ಲಿಯೂ ಇಳಿದಿರಲಿಲ್ಲ. ಕಪಾಟುಗಳಿಗೆಲ್ಲ ಅವರ ದುಂಡನೆಯ ಅಕ್ಷರದ ಚೀಟಿಗಳು. ವರ್ಷ, ತಿಂಗಳು, ವಿಷಯ. ನನಗೆ ಬೇಕಾದ ಕಡತ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ತಮ್ಮ ತಪ್ಪಿನ ವರದಿಯನ್ನೂ ಅವರೇ ಜೋಡಿಸಿದ್ದರು, ಉಳಿದವುಗಳ ಜೊತೆ, ದಿನಾಂಕದ ಪ್ರಕಾರ. ಮೇಲೆ ಅವರದೇ ಅಕ್ಷರದಲ್ಲಿ ‘ಸರ್ವರ್ ನಿಂತದ್ದು’ ಎಂದು ಬರೆದಿತ್ತು.

ನನ್ನ ಹಾಳೆ ಸುಮ್ಮನೆ ಸಿಕ್ಕಿಸಿದರೆ ನಿಲ್ಲುವಂತಿರಲಿಲ್ಲ. ದಾರ ಬಿಚ್ಚಿ, ತೂತು ಹಾಕಿ, ಮತ್ತೆ ಪೋಣಿಸಬೇಕಿತ್ತು. ದಾರಕ್ಕೆ ಸರ್ ಹಾಕಿದ್ದ ಗಂಟು ಬಿಗಿಯಾಗಿತ್ತು, ತಂಬೂರಿಯ ತಂತಿಗೆ ಹಾಕುವಂಥದ್ದು, ಎರಡು ಸುತ್ತು. ಉಗುರಿಗೆ ಸಿಗಲಿಲ್ಲ. ಅಲ್ಲೇ ಮೇಜಿನ ಮೇಲೆ ಕತ್ತರಿ ಇತ್ತು. ಕತ್ತರಿ ಮುಟ್ಟಲು ಮನಸ್ಸಾಗಲಿಲ್ಲ. ಅವರ ಕುರ್ಚಿಯಲ್ಲಿ ಕೂತು, ಹಲ್ಲಿನಿಂದಲೂ ಉಗುರಿನಿಂದಲೂ, ಅರ್ಧ ತಾಸು ಬಿಚ್ಚಿದೆ.